ಹ್ಯೂ ಕ್ಲೆಗ್‌ಹಾರ್ನ್

ಕಾಡು ನಾಡಿನ ಜೀವನಾಡಿ. ಮಲೆನಾಡಿನ ಕಾಡುಗಳ ನೆಲದಲ್ಲಿ ಇಂಗಿದ ಮಳೆಯ ನೀರು ತುಂಗೆಯಾಗಿ, ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯ ಬಯಲಿಗೆ ಇಳಿಯುತ್ತದೆ. ಮೇಲಣ ಕಾಡು ಅಳಿದರೆ ಕೆಳಗಣ ಹೊಲ ಉಳಿಯದು. ಇಂದು ಎಲ್ಲರೂ ಒಪ್ಪುವ ಈ ಮಾತನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಅಧಿಕಾರಿಗಳಿಗೆ ಎತ್ತಿ ಹೇಳಿದವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಪ್ರಮುಖನು.

ಕ್ಲೆಗ್‌ಹಾರ್ನ್ 1820ರಲ್ಲಿ ಮದರಾಸಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಆತನನ್ನು ಹಿರಿಯರ ನಾಡಾದ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಓದಿ 1841ರಲ್ಲಿ ಪದವಿ ಪಡೆದನು. ಔಷಧಗಳಲ್ಲಿ ಬಹುಪಾಲು ಸಸ್ಯಗಳಿಂದಲೇ ದೊರೆಯುತ್ತಿದ್ದ ಕಾಲವದು. ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಮರುವರ್ಷ ಆತನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸಿಗೆ ಮರಳಿದನು.

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1840ರ ದಶಕದಲ್ಲಿ ಕ್ಲೆಗ್‌ಹಾರ್ನ್‌ನನ್ನು ನಗರ ವಿಭಾಗದ ವೈದ್ಯನನ್ನಾಗಿ ಶಿವಮೊಗ್ಗೆಗೆ ನಿಯೋಜಿಸಲಾಯಿತು. ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ಪರೀಕ್ಷಿಸಬೇಕೆಂದು ವಿಲಿಯಂ ಹುಕರ್ ಎಂಬ ಸಸ್ಯಶಾಸ್ತ್ರಜ್ಞನು ಆತನಿಗೆ ಸಲಹೆ ನೀಡಿದ್ದನು. ಶಿವಮೊಗ್ಗೆಯಲ್ಲಿ ಆತನು ಇದನ್ನು ನಿಷ್ಠೆಯಿಂದ ಪಾಲಿಸಿದನು. ಒಬ್ಬ ಮರಾಠಿ ಚಿತ್ರಕಾರನು ಆತನಿಗಾಗಿ ಗಿಡಗಳ ಚಿತ್ರಗಳನ್ನು ಬರೆದನು. ಆ ಸಂಗ್ರಹವು ಇಂದಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿದೆ.

ಗಿಡಗಳನ್ನು ಬಲ್ಲವನಿಗೆ ಅವುಗಳ ನಾಶವೂ ಕಾಣದಿರಲಿಲ್ಲ. ಅನಾರೋಗ್ಯದಿಂದ ಸ್ವದೇಶಕ್ಕೆ ಹೋಗಿದ್ದ ಕ್ಲೆಗ್‌ಹಾರ್ನ್, ಉಷ್ಣವಲಯದ ಕಾಡುಗಳ ನಾಶದಿಂದ ಹವೆಗೂ ಆರ್ಥಿಕ ಜೀವನಕ್ಕೂ ಒದಗುವ ಪರಿಣಾಮಗಳನ್ನು ಕುರಿತು ಇತರ ವಿದ್ವಾಂಸರೊಡನೆ ಒಂದು ವರದಿಯನ್ನು ಸಿದ್ಧಪಡಿಸಿದನು. 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಸಭೆಗೆ ಒಪ್ಪಿಸಲಾದ ಈ ವರದಿಯು ವಿದ್ವಾಂಸರ ಗಮನವನ್ನು ಸೆಳೆಯಿತು.

ಅನಂತರ ಆತನು ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದನು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯ ಹೊಣೆ ಆತನ ಮೇಲೆ ಬಿದ್ದಿತು. ಅದೇ ವರ್ಷ ದಕ್ಷಿಣ ಭಾರತದಲ್ಲಿ ಮೊದಲ ರೈಲುಮಾರ್ಗ ತೆರೆಯಿತು. ಹಳಿಗಳ ಕೆಳಗೆ ಹಾಸಲು ಮರ, ಉಗಿಯಂತ್ರಗಳಿಗೆ ಸೌದೆ, ಹಡಗುಗಳಿಗೆ ತೇಗ; ಹೀಗೆ ಬೇಡಿಕೆ ಬೆಳೆಯುತ್ತ ಹೋಯಿತು. ಕ್ಲೆಗ್‌ಹಾರ್ನ್ ಕನ್ನಡ ಕರಾವಳಿಯ ಕಾಡುಗಳಿಂದ ಆನೈಮಲೆಯವರೆಗೆ ಸಂಚರಿಸಿ ಮರಗಳ ಸ್ಥಿತಿಯನ್ನು ದಾಖಲಿಸಿದನು. ಕಡಿತಕ್ಕೆ ಕಟ್ಟುಪಾಡುಗಳನ್ನು ವಿಧಿಸಿ, ನೆಡುತೋಪುಗಳಿಗೆ ಪ್ರೋತ್ಸಾಹವಿತ್ತನು. ಈ ಅನುಭವಗಳನ್ನೊಳಗೊಂಡ ಆತನ ಗ್ರಂಥವು 1861ರಲ್ಲಿ ಪ್ರಕಟವಾಯಿತು. ಬಳಿಕ ಪಂಜಾಬಿನ ಕಾಡುಗಳನ್ನೂ ಪರಿಶೀಲಿಸಿದನು. 1864ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಅರಣ್ಯ ಇಲಾಖೆ ಸ್ಥಾಪನೆಗೊಂಡಿತು.

ಕ್ಲೆಗ್‌ಹಾರ್ನ್‌ನ ದೃಷ್ಟಿಗೆ ಮಿತಿಗಳೂ ಇದ್ದವು. ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಆತನು ಕಟುವಾಗಿ ವಿರೋಧಿಸಿದನು. ಅದರಿಂದ ಬೆಲೆಬಾಳುವ ಮರಗಳು ನಾಶವಾಗುತ್ತಿದ್ದುದು ದಿಟ. ಆದರೆ ಕುಮರಿಯು ಬಡ ಗಿರಿಜನರ ಅನ್ನವಾಗಿತ್ತು. ಕಾಡನ್ನು ಬರಿದು ಮಾಡಿದವರು ಅವರಷ್ಟೇ ಅಲ್ಲ. ಅನಂತರ ಬಂದ 1865 ಮತ್ತು 1878ರ ಅರಣ್ಯ ಕಾಯಿದೆಗಳು ಕಾಡಿನ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿದವು. ಕಾಡನ್ನೇ ನಂಬಿದ್ದವರ ಹಕ್ಕುಗಳು ಮೊಟಕಾದವು. ಅವರಿಗಾದ ಅನ್ಯಾಯವನ್ನು ಭಾರತದ ಸಂಸತ್ತು 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಒಪ್ಪಿಕೊಂಡಿತು. ಕಾಡಿನ ರಕ್ಷಣೆ ಕಾಡಿನ ಜನರ ರಕ್ಷಣೆಯಿಂದ ಬೇರೆಯಲ್ಲವೆಂಬ ಅರಿವು ಹೀಗೆ ತಡವಾಗಿ ಮೂಡಿತು.

1860ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿಗೆ ಹಿಂದಿರುಗಿದ ಕ್ಲೆಗ್‌ಹಾರ್ನ್ ಅಲ್ಲಿಯೂ ಅರಣ್ಯಶಾಸ್ತ್ರದ ಶಿಕ್ಷಣಕ್ಕಾಗಿ ಶ್ರಮಿಸಿ, 1895ರಲ್ಲಿ ನಿಧನ ಹೊಂದಿದನು. ದಕ್ಷಿಣ ಭಾರತದ ಸಸ್ಯಗಳನ್ನು ಅಭ್ಯಸಿಸಿದ ರಾಬರ್ಟ್ ವೈಟ್ ಒಂದು ಸಸ್ಯಜಾತಿಗೆ ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟು ಆತನನ್ನು ಗೌರವಿಸಿದ್ದನು.

ಕ್ಲೆಗ್‌ಹಾರ್ನ್ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಕಂಡುದನ್ನು ಇಂದು ಉಪಗ್ರಹಗಳು ಆಕಾಶದಿಂದ ಕಾಣುತ್ತಿವೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಈ ವ್ಯತ್ಯಾಸವನ್ನು ಅಳೆದು ಹಸಿರಿನ ವ್ಯಾಪ್ತಿಯನ್ನು ಗುರುತಿಸುವುದು ದೂರಸಂವೇದನೆಯ ಒಂದು ವಿಧಾನ. ಭಾರತವು 1988ರಲ್ಲಿ ಇದಕ್ಕಾಗಿ ತನ್ನದೇ ಐ.ಆರ್.ಎಸ್.-1ಎ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿಯೂ, ನ್ಯಾಮತಿಯನ್ನೊಳಗೊಂಡ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಮಲೆನಾಡಿನ ಅಂಚಿನಿಂದ ಒಣನಾಡಿನವರೆಗೆ ಹಬ್ಬಿದ ಈ ತಾಲ್ಲೂಕುಗಳಲ್ಲಿ ಅಡಕೆತೋಟವೂ ಹಸಿರು, ಕುರುಚಲು ಕಾಡೂ ಹಸಿರು. ಮೇಲಿನಿಂದ ಹಸಿರಾಗಿ ಕಂಡುದೆಲ್ಲ ಕಾಡಲ್ಲ. ಬೇಸಗೆಯಲ್ಲಿ ಎಲೆಯುದುರಿ ಬರಿದಾಗಿ ಕಂಡುದೆಲ್ಲ ಪಾಳುಭೂಮಿಯೂ ಅಲ್ಲ. ಜಗಳೂರಿನ ರಂಗಯ್ಯನದುರ್ಗದ ಒಣಕಾಡು ಕೊಂಡುಕುರಿಗಳ ನೆಲೆಯಾಗಿದ್ದು, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆದುದರಿಂದ ಉಪಗ್ರಹದ ಚಿತ್ರವನ್ನು ಸಂಶೋಧಕರು ನೆಲದ ಮೇಲೆ ನಡೆದು, ಮರಗಳನ್ನು ಗುರುತಿಸಿ, ತಾಳೆನೋಡಬೇಕಾಗುತ್ತದೆ. ಯಂತ್ರದ ಕಣ್ಣು ಎಷ್ಟು ತೀಕ್ಷ್ಣವಾದರೂ, ದಿನಕ್ಕೊಂದು ಗಿಡವನ್ನು ತಾಳ್ಮೆಯಿಂದ ನೋಡುವ ಮನುಷ್ಯನ ಕಣ್ಣು ಅದರ ಜೊತೆಗಿರಲೇಬೇಕು.