ರಷ್ಯಕ್ಕೆ ಹೋದ ಹದಿನಾಲ್ಕರ ದುಭಾಷಿ: ಜಾನ್ ಕ್ವಿನ್ಸಿ ಆಡಮ್ಸ್

ನಮ್ಮ ಕಡೆಯ ವಿಲೇಜ್ ಆಫೀಸುಗಳಲ್ಲಿ ಒಂದು ದೃಶ್ಯ ಎಲ್ಲರಿಗೂ ಪರಿಚಿತ. ಕನ್ನಡ ಮಾತ್ರ ಬಲ್ಲ ಅಜ್ಜ ಮೇಜಿನ ಈಚೆ, ಮಲಯಾಳ ಮಾತ್ರ ಬಲ್ಲ ಗುಮಾಸ್ತರು ಮೇಜಿನ ಆಚೆ, ಇಬ್ಬರ ನಡುವೆ ಎಂಟನೇ ತರಗತಿಯ ಮೊಮ್ಮಗ. ತೀರ್ವೆ ಎಂದರೇನು, ಪಟ್ಟಾ ಎಂದರೇನು ಎಂದು ಹುಡುಗನಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಆದರೂ ಅಜ್ಜನ ಕೆಲಸ ಆಗಬೇಕಾದರೆ ಅವನ ಬಾಯಿಯೇ ಗತಿ. ಒಂದು ಮಾತು ತಪ್ಪಿದರೆ ಮನೆಯಲ್ಲಿ ಬೈಗುಳ, ಸರಿಯಾದರೆ ಪೇಟೆಯಲ್ಲಿ ಒಂದು ಗೋಳಿಬಜೆ.

ಅಮೆರಿಕದ ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ದೇಶಸೇವೆ ಆರಂಭಿಸಿದ್ದು ಇಂಥದೇ ಕೆಲಸದಿಂದ. ಅವನಿಗೆ ಆಗ ಹದಿನಾಲ್ಕು ತುಂಬುತ್ತಿತ್ತು. ವ್ಯತ್ಯಾಸವೆಂದರೆ ಮೇಜಿನ ಆಚೆ ಇದ್ದದ್ದು ರಷ್ಯದ ಮಹಾರಾಣಿಯ ರಾಜಧಾನಿ, ಈಚೆ ಇದ್ದದ್ದು ಜಗತ್ತು ಇನ್ನೂ ಒಪ್ಪಿಕೊಳ್ಳದ ಒಂದು ಹೊಸ ದೇಶ.

ಜಾನ್ ಕ್ವಿನ್ಸಿ ಹುಟ್ಟಿದ್ದು 1767ರ ಜುಲೈ 11ರಂದು, ಮೆಸಾಚುಸೆಟ್ಸ್‌ನ ಬ್ರೈನ್‌ಟ್ರೀ ಎಂಬ ಹಳ್ಳಿಯಲ್ಲಿ. ತಂದೆ ಜಾನ್ ಆಡಮ್ಸ್ ವಕೀಲರು, ತಾಯಿ ಆಬಿಗೇಲ್. ತಂದೆ ಸ್ವಾತಂತ್ರ್ಯ ಹೋರಾಟದ ಮುಂಚೂಣಿಯಲ್ಲಿದ್ದುದರಿಂದ ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. 1775ರ ಜೂನ್ 17ರಂದು ಬಂಕರ್ ಹಿಲ್ ಯುದ್ಧ ನಡೆದಾಗ ಏಳು ವರ್ಷದ ಬಾಲಕ ತಾಯಿಯ ಜೊತೆ ಊರ ಹತ್ತಿರದ ಗುಡ್ಡ ಹತ್ತಿ ದೂರದ ಹೊಗೆಯನ್ನು ನೋಡಿದ್ದ, ಫಿರಂಗಿಯ ಸದ್ದು ಕೇಳಿದ್ದ. ಆ ದಿನ ಸತ್ತವರಲ್ಲಿ ಅವರ ಮನೆಯ ವೈದ್ಯ ಜೋಸೆಫ್ ವಾರನ್ ಒಬ್ಬರು. ಹುಡುಗನ ಬೆರಳು ಜಜ್ಜಿಹೋಗಿದ್ದಾಗ ಅದನ್ನು ಕತ್ತರಿಸದೆ ಉಳಿಸಿಕೊಟ್ಟವರು ಅವರೇ.

1778ರ ಫೆಬ್ರವರಿಯಲ್ಲಿ ತಂದೆಯನ್ನು ಫ್ರಾನ್ಸಿಗೆ ಪ್ರತಿನಿಧಿಯಾಗಿ ಕಳುಹಿಸಲಾಯಿತು. ಹತ್ತು ವರ್ಷದ ಮಗನೂ ಹೊರಟ. ನಡುಚಳಿಗಾಲದ ಕಡಲು, ಹಿಂದೆ ಬ್ರಿಟಿಷ್ ಯುದ್ಧನೌಕೆಗಳು, ಹಡಗಿನ ಕೂವೆಗೆ ಬಡಿದ ಸಿಡಿಲು. ಸಿಕ್ಕಿಬಿದ್ದಿದ್ದರೆ ತಂದೆಗೆ ರಾಜದ್ರೋಹದ ಆರೋಪ ಖಂಡಿತವಿತ್ತು. ಆರು ವಾರಗಳ ಮೇಲೆ ಬೋರ್ಡೋ ಬಂದರು ಕಂಡಿತು. ಪ್ಯಾರಿಸ್ ಪಕ್ಕದ ಪಾಸ್ಸಿಯ ವಸತಿ ಶಾಲೆಯಲ್ಲಿ ಹುಡುಗ ಫ್ರೆಂಚ್ ಕಲಿತ. ಕಲಿತ ಎನ್ನುವುದಕ್ಕಿಂತ ಕುಡಿದ ಎನ್ನಬೇಕು. ತಂದೆ ವ್ಯಾಕರಣ ಪುಸ್ತಕ ಹಿಡಿದು ಒದ್ದಾಡುತ್ತಿರುವಾಗ ಮಗ ಆಟದ ಅಂಗಳದಲ್ಲೇ ಆ ಭಾಷೆಯನ್ನು ಹಿಡಿದುಬಿಟ್ಟ. ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1779ರಲ್ಲಿ ಮನೆಗೆ ಮರಳುವ ಹಡಗಿನಲ್ಲಿ ಅಮೆರಿಕಕ್ಕೆ ಹೊರಟ ಫ್ರೆಂಚ್ ರಾಯಭಾರಿಯೂ ಇದ್ದರು. ಅವರಿಗೂ ಅವರ ಕಾರ್ಯದರ್ಶಿಗೂ ಇಂಗ್ಲಿಷ್ ಪಾಠ ಹೇಳಿದವನು ಹನ್ನೆರಡು ವರ್ಷದ ಜಾನ್ ಕ್ವಿನ್ಸಿ. ಉಚ್ಚಾರ ತಪ್ಪಿದರೆ ಮುಲಾಜಿಲ್ಲದೆ ತಿದ್ದುತ್ತಿದ್ದನಂತೆ.

ಮನೆಯಲ್ಲಿ ಮೂರು ತಿಂಗಳು ನಿಂತಿದ್ದನೋ ಇಲ್ಲವೋ, ತಂದೆಗೆ ಮತ್ತೆ ಯುರೋಪಿಗೆ ಕರೆ ಬಂತು. ಹುಡುಗನಿಗೆ ಈ ಬಾರಿ ಹೋಗಲು ಮನಸ್ಸಿರಲಿಲ್ಲ. ತಾಯಿಯೇ ಒತ್ತಾಯಿಸಿ ಕಳುಹಿಸಿದರು. ಮಗ ಕೆಟ್ಟವನಾಗುವುದಕ್ಕಿಂತ ಕಡಲಲ್ಲಿ ಮುಳುಗಿದರೂ ಮೇಲು ಎಂಬರ್ಥದ ಕಾಗದ ಬರೆದಿದ್ದ ಗಟ್ಟಿ ಹೆಂಗಸು ಆಕೆ. ಆ ಪ್ರಯಾಣದ ಹೊತ್ತಿಗೆ, 1779ರ ನವೆಂಬರಿನಲ್ಲಿ, ಹುಡುಗ ದಿನಚರಿ ಬರೆಯಲು ಶುರು ಮಾಡಿದ. ಹಡಗಿಗೆ ತೂತು ಬಿದ್ದು ಹಗಲು ರಾತ್ರಿ ನೀರು ಎತ್ತಿ ಹಾಕುತ್ತ ಹೇಗೋ ಸ್ಪೇನ್ ದೇಶದ ಫೆರೋಲ್ ಬಂದರು ಸೇರಿದರು. ಅಲ್ಲಿಂದ ಹೇಸರಗತ್ತೆಗಳ ಮೇಲೆ ಬೆಟ್ಟ ಹತ್ತಿಳಿದು, ಸುಮಾರು ಸಾವಿರ ಮೈಲು ಸಾಗಿ, 1780ರ ಫೆಬ್ರವರಿಯಲ್ಲಿ ಪ್ಯಾರಿಸ್.

ಅದೇ ವರ್ಷ ತಂದೆಗೆ ಹಾಲೆಂಡಿನಲ್ಲಿ ಕೆಲಸ ಬಿತ್ತು. ಆಂಸ್ಟರ್‌ಡ್ಯಾಮ್‌ನ ಲ್ಯಾಟಿನ್ ಶಾಲೆಗೆ ಮಗನನ್ನು ಸೇರಿಸಿದರು. ಡಚ್ ಭಾಷೆ ಬರುವುದಿಲ್ಲವೆಂದು ಅಲ್ಲಿನ ಮುಖ್ಯೋಪಾಧ್ಯಾಯರು ಅವನನ್ನು ಚಿಕ್ಕ ಮಕ್ಕಳ ಜೊತೆ ಕೂರಿಸಿದರು. ಫ್ರೆಂಚ್ ಮಾತಾಡುವ, ಲ್ಯಾಟಿನ್ ಓದುವ ಹುಡುಗನಿಗೆ ಇದು ಅವಮಾನವಾಯಿತು, ಎದುರು ನಿಂತ. ದೂರು ಬಂದಾಗ ತಂದೆ ಮಗನಿಗೆ ಬೈಯದೆ ಶಾಲೆಯನ್ನೇ ಬಿಡಿಸಿದರು. ಮಾಧ್ಯಮ ಬದಲಾದ ಮಗುವಿನ ಸಂಕಟ ಗಡಿನಾಡಿನವರಿಗೆ ವಿವರಿಸಿ ಹೇಳಬೇಕಿಲ್ಲ. 1781ರ ಆರಂಭದಲ್ಲಿ ಹದಿಮೂರರ ಹುಡುಗನ ಹೆಸರು ಲೈಡನ್ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಸೇರಿತು.

ರಷ್ಯದ ಪ್ರಸ್ತಾಪ ಬಂದದ್ದು ಆಗ. ಬ್ರಿಟನ್ನಿನ ವಿರುದ್ಧದ ಯುದ್ಧ ಇನ್ನೂ ಮುಗಿದಿರಲಿಲ್ಲ. 1780ರಲ್ಲಿ ರಷ್ಯದ ಮಹಾರಾಣಿ ಕ್ಯಾಥರೀನ್ ತಟಸ್ಥ ದೇಶಗಳ ಹಡಗುಗಳ ರಕ್ಷಣೆಗೆ ಒಂದು ಕೂಟ ಕಟ್ಟಿದ್ದಳು. ಆ ಕೂಟದಲ್ಲಿ ಜಾಗ ಸಿಕ್ಕರೆ, ರಷ್ಯದ ಮಾನ್ಯತೆ ಸಿಕ್ಕರೆ, ಉಳಿದ ದೇಶಗಳೂ ಒಪ್ಪುತ್ತವೆ ಎಂದು ಅಮೆರಿಕದ ಕಾಂಗ್ರೆಸ್ ಲೆಕ್ಕ ಹಾಕಿತು. ಅದಕ್ಕೆ ಆರಿಸಿದ ಪ್ರತಿನಿಧಿ ಫ್ರಾನ್ಸಿಸ್ ಡಾನಾ ಎಂಬ ಬುದ್ಧಿವಂತ ವಕೀಲರು. ಅವರಲ್ಲಿ ಒಂದೇ ಕೊರತೆ. ರಷ್ಯದ ಆಸ್ಥಾನದ ಭಾಷೆ ಫ್ರೆಂಚ್, ಡಾನಾರಿಗೆ ಫ್ರೆಂಚ್ ಸರಿಯಾಗಿ ಬಾರದು. ಸಂಬಳ ಕೊಟ್ಟು ದೊಡ್ಡ ಕಾರ್ಯದರ್ಶಿಯನ್ನು ಇಡಲು ಅನುಕೂಲವಿರಲಿಲ್ಲ. ಜಾನ್ ಆಡಮ್ಸರ ಮಗನನ್ನು ಕೇಳಿದರು.

1781ರ ಜುಲೈ 7ರಂದು ಹೊರಟರು. ನಾಲ್ಕು ದಿನಗಳಲ್ಲಿ ಹುಡುಗನಿಗೆ ಹದಿನಾಲ್ಕು ತುಂಬಿತು. ಜರ್ಮನಿ, ಪೋಲೆಂಡ್ ಸೀಮೆ, ರೀಗಾ, ನಾರ್ವಾ ದಾಟಿ ಸುಮಾರು 2,000 ಮೈಲು ಕುದುರೆ ಗಾಡಿಯಲ್ಲಿ. ಆಗಸ್ಟ್ 27ಕ್ಕೆ ಸೇಂಟ್ ಪೀಟರ್ಸ್‌ಬರ್ಗ್ ಮುಟ್ಟಿದರು.

ಅಲ್ಲಿ ಕೈಗೆ ಸಿಕ್ಕಿದ್ದು ಕಾಯುವಿಕೆ. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ರಾಜಿ ಮಾಡಿಸುವ ಆಸೆ ಕ್ಯಾಥರೀನಳಿಗಿತ್ತು. ಬಂಡಾಯದ ಅಮೆರಿಕದ ಪ್ರತಿನಿಧಿಯನ್ನು ಒಳಕ್ಕೆ ಕರೆದರೆ ಬ್ರಿಟನ್ ಸಿಟ್ಟಾಗುತ್ತದೆ. ಅಮೆರಿಕದ ಮಿತ್ರದೇಶವಾದ ಫ್ರಾನ್ಸಿನ ರಾಯಭಾರಿ ವೆರಾಕ್ ಕೂಡ ಅವಸರ ಬೇಡ, ಅಧಿಕಾರಪತ್ರ ತೋರಿಸಬೇಡಿ ಎಂದೇ ಬುದ್ಧಿ ಹೇಳಿದ. ವೆರಾಕನಿಗೆ ಇಂಗ್ಲಿಷ್ ಬಾರದು, ಡಾನಾರಿಗೆ ಫ್ರೆಂಚ್ ಬಾರದು. ಇಬ್ಬರ ನಡುವಿನ ಮಾತಿಗೂ ಕಾಗದಕ್ಕೂ ಇದ್ದ ಸೇತುವೆ ಆ ಹುಡುಗ. ದೊಡ್ಡವರ ಅಸಹನೆ, ನಯವಾದ ನಿರಾಕರಣೆ, ಅರ್ಧ ಸತ್ಯ ಎಲ್ಲವೂ ಅವನ ಬಾಯಿಯ ಮೂಲಕವೇ ದಾಟಬೇಕಿತ್ತು. ಉಳಿದ ಹೊತ್ತಿನಲ್ಲಿ ಡಾನಾರ ಪತ್ರಗಳ ಪ್ರತಿ ತೆಗೆಯುವುದು.

ಊರಿನಲ್ಲಿ ಅವನ ವಯಸ್ಸಿನ ಗೆಳೆಯರಿಲ್ಲ, ಅವನಿಗೆ ಹೊಂದುವ ಶಾಲೆಯಿಲ್ಲ. ಅವನೇ ಜರ್ಮನ್ ಕಲಿಯಲು ಕೂತ, ಸಿಸೆರೋ ಓದಿದ, ಹ್ಯೂಮ್ ಬರೆದ ಇಂಗ್ಲೆಂಡ್ ಚರಿತ್ರೆಯ ಸಂಪುಟಗಳನ್ನು ಓದಿ ಮುಗಿಸಿದ. ನಡುಗುವ ಚಳಿ. ತಾಯಿಗೆ ಕಾಗದ ಬರೆಯುವುದು ನಿಂತೇಹೋಯಿತು, ಅಲ್ಲಿಂದ ದೂರುಗಳು ಬಂದವು. ಈ ಒಂಟಿತನದಲ್ಲಿ ಅವನ ಕಣ್ಣು ಮಾತ್ರ ತೆರೆದೇ ಇತ್ತು. ರಷ್ಯದಲ್ಲಿ ಒಡೆಯರು ಮತ್ತು ಜೀತದಾಳುಗಳು ಎಂಬ ಎರಡೇ ಜಾತಿ, ನಡುವೆ ಯಾರೂ ಇಲ್ಲ ಎಂಬುದನ್ನು ಗಮನಿಸಿ ಆಮೇಲೆ ತಾಯಿಗೆ ಬರೆದ. ಹುಡುಗರಿಗೆ ಸಾಮಾನ್ಯವಾಗಿ ಅರಮನೆಯ ಗೋಪುರ ಕಾಣುತ್ತದೆ. ಇವನಿಗೆ ಜೀತದವರು ಕಂಡರು. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಹದಿನಾಲ್ಕು ತಿಂಗಳು ಕಳೆದರೂ ಅರಮನೆಯ ಬಾಗಿಲು ತೆರೆಯಲಿಲ್ಲ. ಮಗನ ಓದು ಹಾಳಾಗುತ್ತದೆಂದು ತಂದೆ ವಾಪಸು ಕರೆದರು. 1782ರ ಅಕ್ಟೋಬರ್ 30ರಂದು ಹದಿನೈದರ ಹುಡುಗ, ಡಾನಾರನ್ನು ಅಲ್ಲೇ ಬಿಟ್ಟು, ಫಿನ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಹ್ಯಾಂಬರ್ಗ್ ದಾರಿಯಾಗಿ ಹಿಮದಲ್ಲಿ ಹೊರಟ. ಹೇಗ್ ನಗರ ಸೇರಿದ್ದು 1783ರ ಏಪ್ರಿಲಿನಲ್ಲಿ. ಆರು ತಿಂಗಳ ದಾರಿ. ದಾರಿಯಲ್ಲಿ ಅವನನ್ನು ಕೇಳುವ ಹಿರಿಯರು ಮನೆಯವರು ಯಾರೂ ಇರಲಿಲ್ಲ. ಡಾನಾ ಕೂಡ ಅದೇ ವರ್ಷ ಬರಿಗೈಯಲ್ಲಿ ಮರಳಿದರು.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯ ಒಪ್ಪಿಕೊಂಡ ಕರಾರಿಗೆ ಸಹಿ ಬಿದ್ದಾಗ ಅವನು ತಂದೆಯ ಕಾರ್ಯದರ್ಶಿಯಾಗಿ ಅಲ್ಲಿದ್ದ. ಮರುವರ್ಷದ ಜುಲೈನಲ್ಲಿ ತಾಯಿ ಲಂಡನ್ನಿಗೆ ಬಂದರು. ಸುಮಾರು ಐದು ವರ್ಷದ ಮೇಲೆ ಭೇಟಿ. ಕೋಣೆಯೊಳಗೆ ಬಂದ ಎತ್ತರದ ಯುವಕನನ್ನು ಕಂಡು ಆಬಿಗೇಲ್ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಅಮ್ಮಾ ಎಂದ ಮೇಲೆಯೇ ನಂಬಿಕೆ ಬಂತು. ಹಳೆಯ ಮಗನದ್ದೆಂದು ಉಳಿದದ್ದು ಕಣ್ಣು ಮಾತ್ರ. ದೇಶಕ್ಕೆ ಕೊಟ್ಟ ಮಗನನ್ನು ತಾಯಿ ಹೀಗೆ ವಾಪಸು ಪಡೆದರು.

ಅಮೆರಿಕಕ್ಕೆ ಮರಳಿ ಹಾರ್ವರ್ಡ್ ಕಾಲೇಜಿಗೆ ಹೋದರೆ ಅಧ್ಯಕ್ಷರು ಗ್ರೀಕ್ ಲ್ಯಾಟಿನ್ ಸಾಲದು, ಕೆಲವು ತಿಂಗಳು ಓದಿ ಬಾ ಎಂದರು! ದೇಶದೇಶ ಸುತ್ತಿ ಬಂದವನು ತಲೆ ತಗ್ಗಿಸಿ ಓದಿದ, 1787ರಲ್ಲಿ 51 ವಿದ್ಯಾರ್ಥಿಗಳ ತರಗತಿಯಲ್ಲಿ ಎರಡನೆಯವನಾಗಿ ತೇರ್ಗಡೆಯಾದ. ಬಾಸ್ಟನ್ನಿನಲ್ಲಿ ವಕೀಲಿ ಶುರು ಮಾಡಿದಾಗ ಕಕ್ಷಿಗಾರರು ಬರಲಿಲ್ಲ. ಬಿಡುವಿನಲ್ಲಿ ಪತ್ರಿಕೆಗಳಿಗೆ ಬರೆದ ರಾಜಕೀಯ ಲೇಖನಗಳು ಮಾತ್ರ ಅಧ್ಯಕ್ಷ ವಾಷಿಂಗ್ಟನ್ನರ ಕಣ್ಣಿಗೆ ಬಿದ್ದವು. 1794ರಲ್ಲಿ, ಇನ್ನೂ 26 ಇರುವಾಗಲೇ, ಹಾಲೆಂಡಿಗೆ ರಾಯಭಾರಿಯಾಗಿ ನೇಮಕವಾಯಿತು.

ಇನ್ನು ಮುಂದೆ ಬಹುವಚನದಲ್ಲೇ ಬರೆಯಬೇಕು. ಆಡಮ್ಸರಿಗೆ ಈ ನೇಮಕ ಸಂತೋಷಕ್ಕಿಂತ ಮುಜುಗರ ತಂದಿತು. ತಂದೆ ಆಗ ಉಪಾಧ್ಯಕ್ಷರು, ಜನ ಏನೆಂದಾರು ಎಂಬ ಅಳುಕು. ತಮ್ಮ ಥಾಮಸ್ ಜೊತೆ ಹೊರಟರು. ಲಂಡನ್ನಿನಲ್ಲಿ ಬ್ರಿಟನ್ನಿನೊಡನೆ ಮಾತುಕತೆಯಲ್ಲಿದ್ದ ಜಾನ್ ಜೇ ಅವರಿಗೆ ಸರಕಾರದ ಗುಪ್ತ ಕಾಗದಗಳನ್ನು ತಲುಪಿಸಬೇಕಿತ್ತು. ರಾತ್ರಿ ಲಂಡನ್ ಸೇತುವೆ ಹತ್ತಿರ ಗಾಡಿಯಿಂದ ಏನೋ ಬಿದ್ದ ಸದ್ದು. ಥಾಮಸ್ ಇಳಿದು ನೋಡಿದರೆ ಕಾಗದಗಳಿದ್ದ ಪೆಟ್ಟಿಗೆ ರಸ್ತೆಯಲ್ಲಿತ್ತು. ಒಂದು ನಿಮಿಷ ತಡವಾಗಿದ್ದರೆ ಕಳ್ಳರ ಪಾಲು, ಇಲ್ಲವೇ ಬ್ರಿಟಿಷರ ಪಾಲು. ಮೊದಲ ಕೆಲಸದಲ್ಲೇ ದೇಶದ್ರೋಹಿ ಎನಿಸಿಕೊಳ್ಳುವುದು ಕೂದಲೆಳೆಯಲ್ಲಿ ತಪ್ಪಿತು. ಮರುದಿನ ಬೆಳಗ್ಗೆ ಕಾಗದಗಳನ್ನು ಜೇ ಅವರ ಕೈಗೆ ಒಪ್ಪಿಸಿದರು.

ಹೇಗ್ ಸೇರಿ ಮೂರು ತಿಂಗಳಾಗುವುದರೊಳಗೆ, 1795ರ ಜನವರಿಯಲ್ಲಿ, ಫ್ರೆಂಚ್ ಸೈನ್ಯ ಹಾಲೆಂಡನ್ನು ಹಿಡಿಯಿತು. ಯಾವ ಸರಕಾರಕ್ಕೆ ಕಳುಹಿಸಿದ್ದರೋ ಆ ಸರಕಾರವೇ ಇಲ್ಲವಾಯಿತು. ಆಡಮ್ಸ್ ಊರು ಬಿಡದೆ ಕೂತರು, ಯಾರ ಪಕ್ಷವನ್ನೂ ವಹಿಸದೆ ಎಲ್ಲರ ಮಾತು ಕೇಳಿ ಮನೆಗೆ ವರದಿ ಬರೆದರು. ವಾಷಿಂಗ್ಟನ್ ಓದಿ ಮೆಚ್ಚಿದರು. 1797ರಲ್ಲಿ ತಂದೆಯೇ ಅಧ್ಯಕ್ಷರಾದಾಗ ಮಗ ಎಂಬ ಸಂಕೋಚದಿಂದ ಇವರಿಗೆ ಬಡ್ತಿ ತಪ್ಪಿಸಬೇಡಿ ಎಂದು ವಾಷಿಂಗ್ಟನ್ನರೇ ಪತ್ರ ಬರೆದರು. ಹಾಗೆ ಬರ್ಲಿನ್ನಿಗೆ ವರ್ಗವಾಯಿತು. ಆ ವರ್ಷದ ನವೆಂಬರಿನಲ್ಲಿ ನಗರದ ಬಾಗಿಲಲ್ಲಿ ಕಾವಲಿದ್ದ ಲೆಫ್ಟಿನೆಂಟನಿಗೆ ಅಮೆರಿಕ ಸಂಯುಕ್ತ ಸಂಸ್ಥಾನ ಎಂದರೆ ಯಾವುದೆಂದೇ ಗೊತ್ತಿರಲಿಲ್ಲ. ಅವನ ಕೈಕೆಳಗಿನ ಸಿಪಾಯಿಯೊಬ್ಬ ವಿವರಿಸಿದ ಮೇಲೆ ಒಳಗೆ ಬಿಟ್ಟರು.

1809ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಅವರನ್ನು ರಷ್ಯಕ್ಕೆ ಕಳುಹಿಸಿದರು. 28 ವರ್ಷಗಳ ಹಿಂದೆ ಹುಡುಗನಾಗಿ ಹೊರಗೆ ಕಾದಿದ್ದ ಅದೇ ಪೀಟರ್ಸ್‌ಬರ್ಗ್. ಈಗ ಕ್ಯಾಥರೀನಳ ಮೊಮ್ಮಗ ಅಲೆಕ್ಸಾಂಡರ್ ಚಕ್ರವರ್ತಿ ಅವರನ್ನು ಅರಮನೆಯಲ್ಲಿ ಬರಮಾಡಿಕೊಂಡ. ರಷ್ಯ ವಿಧಿವತ್ತಾಗಿ ಸ್ವೀಕರಿಸಿದ ಮೊದಲ ಅಮೆರಿಕನ್ ರಾಯಭಾರಿ ಇವರೇ. ನೇವಾ ನದಿಯ ದಂಡೆಯಲ್ಲಿ ಇಬ್ಬರೂ ನಡೆಯಲು ಹೋಗುವಾಗ ಎದುರಾದರೆ ನಿಂತು ಫ್ರೆಂಚಿನಲ್ಲಿ ಹರಟುತ್ತಿದ್ದರು. ಡೆನ್ಮಾರ್ಕ್ ತಡೆದಿಟ್ಟಿದ್ದ ಅಮೆರಿಕದ ವ್ಯಾಪಾರಿ ಹಡಗುಗಳ ಪರವಾಗಿ ಚಕ್ರವರ್ತಿ ಮಾತಾಡಿದ್ದು ಇವರ ಕೋರಿಕೆಯ ಮೇಲೆಯೇ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ದೊಡ್ಡ ಮಕ್ಕಳಿಬ್ಬರನ್ನು ಊರಲ್ಲಿ ಸಂಬಂಧಿಕರ ಬಳಿ ಬಿಟ್ಟು, ಎರಡು ವರ್ಷದ ಕೊನೆಯ ಮಗನನ್ನು ಮಾತ್ರ ಕರೆದೊಯ್ದಿದ್ದರು. ಆ ಇಬ್ಬರನ್ನು ಮತ್ತೆ ಕಂಡದ್ದು 1815ರಲ್ಲಿ. ತನ್ನ ಬಾಲ್ಯದಲ್ಲಿ ತಾಯಿ ಪಟ್ಟ ಪಾಡನ್ನು ಈಗ ಹೆಂಡತಿ ಲೂಯಿಸಾ ಪಟ್ಟರು. 1811ರಲ್ಲಿ ಅಲ್ಲೇ ಹುಟ್ಟಿದ ಒಬ್ಬಳೇ ಮಗಳು ಮರುವರ್ಷದ ಸೆಪ್ಟೆಂಬರಿನಲ್ಲಿ, ನೆಪೋಲಿಯನ್ ಮಾಸ್ಕೋ ಹಿಡಿದ ದಿನಗಳಲ್ಲೇ, ತೀರಿಕೊಂಡಳು. ಮಗುವನ್ನು ಪೀಟರ್ಸ್‌ಬರ್ಗಿನ ಮಣ್ಣಲ್ಲೇ ಬಿಟ್ಟು ಬರಬೇಕಾಯಿತು. 1814ರಲ್ಲಿ ಗಂಡ ಶಾಂತಿ ಮಾತುಕತೆಗೆ ಹೋದ ಮೇಲೆ ಲೂಯಿಸಾ ಚಿಕ್ಕ ಮಗನೊಡನೆ ಯುದ್ಧದಿಂದ ಹಾಳಾದ ದೇಶಗಳನ್ನು ಚಳಿಗಾಲದಲ್ಲಿ ದಾಟಿ ಸುಮಾರು 40 ದಿನಗಳಲ್ಲಿ ಪ್ಯಾರಿಸ್ ಸೇರಿದ ಕಥೆಯೇ ಒಂದು ಬೇರೆ ಲೇಖನವಾದೀತು.

ಮುಂದಿನದ್ದು ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. 1814ರ ಡಿಸೆಂಬರ್ 24ರ ಗೆಂಟ್ ಒಪ್ಪಂದ, ಲಂಡನ್ನಿನ ರಾಯಭಾರ, 1817ರಿಂದ ಎಂಟು ವರ್ಷ ವಿದೇಶಾಂಗ ಕಾರ್ಯದರ್ಶಿ, 1819ರಲ್ಲಿ ಸ್ಪೇನಿನಿಂದ ಫ್ಲೋರಿಡಾ, 1823ರ ಮನ್ರೋ ಘೋಷಣೆ. 1825ರಿಂದ 1829ರವರೆಗೆ ಅಧ್ಯಕ್ಷರು. ಅಧ್ಯಕ್ಷಗಿರಿ ಅಷ್ಟೇನೂ ಯಶಸ್ವಿಯಾಗಲಿಲ್ಲ ಎಂಬುದು ಬಹುಮಂದಿಯ ಅಭಿಪ್ರಾಯ, ನನಗೂ ಹಾಗೆಯೇ ಅನಿಸುತ್ತದೆ. ಜನರ ಜೊತೆ ನಗುನಗುತ್ತ ಬೆರೆಯುವ ಗುಣ ಅವರಲ್ಲಿರಲಿಲ್ಲ. ಸೋತು ಮನೆಗೆ ಹೋದವರನ್ನು ಊರಿನವರು 1830ರಲ್ಲಿ ಕಾಂಗ್ರೆಸ್ಸಿಗೆ ಆರಿಸಿದರು. ಅಧ್ಯಕ್ಷರಾಗಿದ್ದವರು ಸಾಮಾನ್ಯ ಸದಸ್ಯರಾಗಿ ಕೂರುವುದೇ ಎಂದು ಆಡಿಕೊಂಡವರಿದ್ದರು. ಅವರು ಕೂತರು, ಸಾಯುವವರೆಗೂ.

ಆಗ ಪೀಟರ್ಸ್‌ಬರ್ಗಿನ ಹುಡುಗ ಮತ್ತೆ ಕಾಣುತ್ತಾನೆ. ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಸದನದಲ್ಲಿ ಚರ್ಚೆಗೆ ತೆಗೆದುಕೊಳ್ಳಬಾರದೆಂಬ ನಿಯಮವಿತ್ತು. ಅದರ ಮೇಲೆ ಎಂಟು ವರ್ಷ ಹಟ ಹಿಡಿದು ಹೋರಾಡಿ 1844ರಲ್ಲಿ ರದ್ದು ಮಾಡಿಸಿದರು. 1841ರಲ್ಲಿ, 73ನೇ ವಯಸ್ಸಿನಲ್ಲಿ, ಅಮಿಸ್ಟಾಡ್ ಹಡಗಿನ ಆಫ್ರಿಕನ್ನರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಅವರು ಬಿಡುಗಡೆಯಾದರು.

1848ರ ಫೆಬ್ರವರಿ 21ರಂದು ಸದನದಲ್ಲಿ ಮೆಕ್ಸಿಕೋ ಯುದ್ಧದ ಸೇನಾಧಿಕಾರಿಗಳನ್ನು ಗೌರವಿಸುವ ನಿರ್ಣಯ ಬಂತು. ಆ ಯುದ್ಧವನ್ನು ವಿರೋಧಿಸಿದ್ದ ಆಡಮ್ಸ್ ಗಟ್ಟಿಯಾಗಿ ಬೇಡವೆಂದರು. ಸ್ವಲ್ಪ ಹೊತ್ತಿನಲ್ಲಿ ಮಾತಾಡಲು ಎದ್ದವರು ಹಾಗೆಯೇ ಕುಸಿದರು. ಮನೆಗೆ ಒಯ್ಯುವ ಸ್ಥಿತಿಯಿರಲಿಲ್ಲ. ಸಭಾಧ್ಯಕ್ಷರ ಕೋಣೆಯಲ್ಲಿ ಎರಡು ದಿನ ಮಲಗಿದ್ದು 23ರಂದು ತೀರಿಕೊಂಡರು. ಹನ್ನೆರಡನೇ ವಯಸ್ಸಿನಲ್ಲಿ ಶುರು ಮಾಡಿದ ದಿನಚರಿ 51 ಸಂಪುಟಗಳಾಗಿತ್ತು. ಅಂತ್ಯಕ್ರಿಯೆಯ ವ್ಯವಸ್ಥೆ ನೋಡಿಕೊಳ್ಳಲು ಸದನ ನೇಮಿಸಿದ ಸಮಿತಿಯಲ್ಲಿ ಇಲಿನಾಯ್ಸ್‌ನಿಂದ ಹೊಸದಾಗಿ ಆರಿಸಿಬಂದಿದ್ದ ಒಬ್ಬ ಸದಸ್ಯರೂ ಇದ್ದರು. ಅವರ ಹೆಸರು ಅಬ್ರಹಾಂ ಲಿಂಕನ್.