ನಗೆಯ ವೈದ್ಯ ‘ರಾಶಿ’

ಆಳುವವರ ತಪ್ಪನ್ನು ನಾಲ್ಕು ಗೆರೆಗಳಲ್ಲಿ ಹಿಡಿದು ತೋರುವ ವ್ಯಂಗ್ಯಚಿತ್ರಕಲೆಗೆ ಕನ್ನಡದಲ್ಲಿ ನೆಲೆಯೊದಗಿಸಿದ ಪತ್ರಿಕೆಗಳಲ್ಲಿ ‘ಕೊರವಂಜಿ’ ಪ್ರಮುಖವಾದುದು. ಅದನ್ನು ಸ್ಥಾಪಿಸಿದವರು ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ.

1905ರಲ್ಲಿ ಜನಿಸಿದ ಶಿವರಾಂ ಅವರು ಬೆಂಗಳೂರಿನಲ್ಲಿ ವೈದ್ಯರಾಗಿದ್ದರು. ರೋಗಿಯ ನಾಡಿಯಂತೆಯೇ ಸಮಾಜದ ನಾಡಿಯನ್ನೂ ಬಲ್ಲವರು. 1942ರಲ್ಲಿ ಒಂದೆಡೆ ಮಹಾಯುದ್ಧ, ಇನ್ನೊಂದೆಡೆ ಚಲೇಜಾವ್ ಚಳವಳಿ. ಮುದ್ರಣದ ಕಾಗದಕ್ಕೂ ಬರ. ಜನರ ಮುಖದಿಂದ ನಗೆಯೇ ಮಾಯವಾಗಿದ್ದ ಆ ವರ್ಷದಲ್ಲಿಯೇ ಅವರು ಹಾಸ್ಯಕ್ಕೆ ಮೀಸಲಾದ ಮಾಸಪತ್ರಿಕೆಯನ್ನು ಆರಂಭಿಸಿದರು. ಹೆಸರೂ ಅರ್ಥಪೂರ್ಣ: ಕಣಿ ಹೇಳುವ ಕೊರವಂಜಿಗೆ ಅರಮನೆ, ಗುಡಿಸಲು ಎರಡೂ ಒಂದೇ, ಕಂಡದ್ದನ್ನು ಹೇಳುವುದೇ ಅವಳ ಕಸುಬು.

ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯದ ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣರ ಚಿತ್ರಗಳಿಗೆ ಈ ಪತ್ರಿಕೆಯ ಪುಟಗಳು ತೆರೆದುಕೊಂಡವು. 1951ರಿಂದ ತಮ್ಮ ‘ಶ್ರೀಸಾಮಾನ್ಯ’ನ ಮೂಲಕ ದೇಶದ ಮಂತ್ರಿಮಹೋದಯರನ್ನು ಎಚ್ಚರಿಸಿದವರು ಅವರೇ. ಟಿ. ಸುನಂದಮ್ಮನವರಂಥ ಲೇಖಕಿಯರಿಗೂ ‘ಕೊರವಂಜಿ’ ವೇದಿಕೆಯಾಯಿತು.

ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ಪತ್ರಿಕೆ ನಿಂತಿತು. ರಾಶಿಯವರ ಲೇಖನಿ ನಿಲ್ಲಲಿಲ್ಲ. ಮನಶ್ಶಾಸ್ತ್ರವನ್ನು ಕುರಿತ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1984ರಲ್ಲಿ ಅವರು ಕಾಲವಾದರು.

ಕಹಿ ಮದ್ದನ್ನು ಜೇನಿನಲ್ಲಿ ಕಲಸಿ ಕೊಡುವುದು ವೈದ್ಯನ ಜಾಣ್ಮೆ. ದ್ವೇಷವಿಲ್ಲದೆ ತಪ್ಪನ್ನು ತಪ್ಪೆನ್ನುವ ಧೈರ್ಯ, ತನ್ನನ್ನು ನೋಡಿ ತಾನೇ ನಗುವ ವಿನಯ: ಹಲವಾಗಲಿನಂಥ ಗ್ರಾಮಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಈ ಬಾಳಿನಿಂದ ಇವೆರಡನ್ನೂ ಕಲಿಯಬಹುದಾಗಿದೆ.