ಕುದಿಸಿಟ್ಟರೆ ಸಾಕೇ? ಜಾನ್ ಟಿಂಡಲ್ ಬದುಕಿನಿಂದ ಒಂದು ಉತ್ತರ

ಪಿಯುಸಿ ರಸಾಯನಶಾಸ್ತ್ರದಲ್ಲಿ ಟಿಂಡಲ್ ಪರಿಣಾಮ ಅಂತ ಓದಿದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿರಬಹುದು. ಕಿಟಕಿಯಿಂದ ಬಿಸಿಲುಕೋಲು ಬಿದ್ದಾಗ ಧೂಳಿನ ಕಣಗಳು ಮಿನುಗುತ್ತವಲ್ಲ, ಅದೇ. ಎರಡು ಮಾರ್ಕಿನ ಉತ್ತರ ಬರೆದು ಆ ಹೆಸರನ್ನು ಅಲ್ಲಿಗೇ ಬಿಟ್ಟೆವು. ಆದರೆ ಆ ಟಿಂಡಲ್ ಅವರಿಗೂ, ಇಲ್ಲಿ ಕ್ಲಾರ್ಕ್ಸ್‌ಬರ್ಗ್‌ನ ಬಾಡಿಗೆ ಮನೆಗಳಲ್ಲಿ ರಾತ್ರಿಯಿಡೀ ಒಲೆ ಮೇಲೆ ಕೂತಿರುವ ಸಾರಿನ ಪಾತ್ರೆಗೂ ನೇರ ಸಂಬಂಧವಿದೆ.

ಜಾನ್ ಟಿಂಡಲ್ ಹುಟ್ಟಿದ್ದು 1820ರಲ್ಲಿ, ಐರ್ಲೆಂಡಿನ ಕಾರ್ಲೋ ಜಿಲ್ಲೆಯಲ್ಲಿ. ತಂದೆ ಪೊಲೀಸ್ ಪೇದೆ. ಮಗ ಮೊದಲು ಸರ್ಕಾರಿ ಭೂಮಾಪನದಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ರೈಲ್ವೆ ಸರ್ವೇಯರ್ ಆಗಿ ದುಡಿದರು. 1848ರಲ್ಲಿ, 28ನೇ ವಯಸ್ಸಿಗೆ, ಜರ್ಮನಿಯ ಮಾರ್ಬುರ್ಗ್‌ಗೆ ಹೋಗಿ ಬುನ್ಸನ್ ಅವರ ಬಳಿ ಓದಿ ಡಾಕ್ಟರೇಟ್ ಪಡೆದರು. ಎಂಜಿನಿಯರಿಂಗ್ ಮುಗಿಸಿ ಪರದೇಶಕ್ಕೆ ಓದಲು ಬಂದ ನಮಗೆ ಈ ದಾರಿ ಹೊಸದೇನಲ್ಲ. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರೊಫೆಸರ್ ಆದರು. ಫ್ಯಾರಡೆ ಅಲ್ಲಿ ಅವರ ಹಿರಿಯ ಸಹೋದ್ಯೋಗಿ.

1872ರಲ್ಲಿ ಅಮೆರಿಕಕ್ಕೂ ಬಂದರು. ಬಾಸ್ಟನ್, ನ್ಯೂಯಾರ್ಕ್ ಅಲ್ಲದೆ ನಮ್ಮ ಪಕ್ಕದ ಬಾಲ್ಟಿಮೋರ್, ವಾಷಿಂಗ್ಟನ್‌ಗಳಲ್ಲೂ ಬೆಳಕಿನ ಬಗ್ಗೆ ಉಪನ್ಯಾಸ ಕೊಟ್ಟರು. ಖರ್ಚು ಕಳೆದು ಉಳಿದ 13 ಸಾವಿರ ಡಾಲರಿಗೂ ಹೆಚ್ಚಿನ ಹಣವನ್ನು ಒಂದು ಪೈಸೆಯೂ ಮುಟ್ಟದೆ ಇಲ್ಲಿನ ವಿಜ್ಞಾನ ವಿದ್ಯಾರ್ಥಿಗಳಿಗೇ ಬಿಟ್ಟುಹೋದರು. ಮುಂದೆ ಅದು ಹಾರ್ವರ್ಡ್, ಕೊಲಂಬಿಯಾ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ಫೆಲೋಶಿಪ್ ಆಯಿತು.

ಆ ಕಾಲದ ದೊಡ್ಡ ಜಗಳವೊಂದಿತ್ತು. ಬೇಯಿಸಿದ ಪದಾರ್ಥ ಕೆಡುವುದು ಗಾಳಿಯಿಂದ ಬಂದ ಜೀವಿಗಳಿಂದಲೋ, ಅಥವಾ ಅದರೊಳಗೇ ಜೀವ ತಾನಾಗಿ ಹುಟ್ಟುತ್ತದೋ? ಪಾಶ್ಚರ್ ಮೊದಲನೆಯದು ಅಂದರೆ, ಲಂಡನ್ನಿನ ವೈದ್ಯ ಬಾಸ್ಟಿಯನ್ ಎರಡನೆಯದು ಅಂದರು. ಟಿಂಡಲ್ ಒಂದು ಪೆಟ್ಟಿಗೆ ಮಾಡಿಸಿ, ಧೂಳು ಅಂಟಿಕೊಳ್ಳಲಿ ಅಂತ ಒಳಗೆ ಗ್ಲಿಸರಿನ್ ಬಳಿದು, ಕೆಲವು ದಿನ ಅಲುಗಿಸದೆ ಬಿಟ್ಟರು. ಬೆಳಕು ಹಾಯಿಸಿದಾಗ ಅದರ ಹಾದಿ ಕಾಣದಿದ್ದರೆ ಗಾಳಿಯಲ್ಲಿ ಧೂಳಿಲ್ಲ ಎಂದರ್ಥ. ಅದರೊಳಗೆ ಮಾಂಸ, ಮೀನು, ತರಕಾರಿಯ ರಸ ಕುದಿಸಿಟ್ಟರೆ ತಿಂಗಳುಗಟ್ಟಲೆ ತಿಳಿಯಾಗೇ ಉಳಿಯಿತು. ಹೊರಗಿಟ್ಟದ್ದು ಕೆಲವೇ ದಿನಕ್ಕೆ ಕದಡಿತು.

ಗೆದ್ದೆವು ಅನ್ನುವಷ್ಟರಲ್ಲಿ, 1876ರ ಕೊನೆಗೆ, ಅದೇ ಪ್ರಯೋಗ ಕೈಕೊಟ್ಟಿತು. ಗಂಟೆಗಟ್ಟಲೆ ಕುದಿಸಿದರೂ ರಸ ಕೆಡತೊಡಗಿತು. ಕಾರಣ ಪ್ರಯೋಗಾಲಯಕ್ಕೆ ತಂದಿದ್ದ ಹಳೇ ಒಣಹುಲ್ಲು. ಅದರ ಜೊತೆ ಬಂದ ಜೀವಿಗಳು ಕುದಿನೀರಿಗೂ ಜಗ್ಗುತ್ತಿರಲಿಲ್ಲ. ಅದೇ ವರ್ಷ ಜರ್ಮನಿಯ ಫರ್ಡಿನೆಂಡ್ ಕೋನ್ ಅವುಗಳ ಬೀಜಕಣಗಳನ್ನು ವಿವರಿಸಿದ್ದರು. ಒಣ ಹೆಸರುಕಾಳು ಬೇಗ ಬೇಯಲ್ಲ, ಮೊಳಕೆ ಬಂದದ್ದು ಬೇಗ ಬೇಯುತ್ತದೆ, ಇದೂ ಹಾಗೇ. ಟಿಂಡಲ್ ಸ್ವಲ್ಪ ಹೊತ್ತು ಕುದಿಸಿ, ಹತ್ತು ಹನ್ನೆರಡು ಗಂಟೆ ಬಿಟ್ಟು, ಮೊಳೆತವು ಮೆತ್ತಗಾದಾಗ ಮತ್ತೆ ಕುದಿಸಿದರು. ಹೀಗೆ ಹಲವು ಸಲ ಮಾಡಿದಾಗ ಎಲ್ಲವೂ ಸತ್ತವು. ಈ ವಿಧಾನಕ್ಕೆ ಅವರ ಹೆಸರೇ ಉಳಿಯಿತು. 1893ರಲ್ಲಿ, ಮನೆಯಲ್ಲಿ ಔಷಧಿ ಅದಲುಬದಲಾಗಿ ನಿದ್ದೆಮದ್ದು ಹೆಚ್ಚಾದ್ದರಿಂದ, ಅವರು ತೀರಿಕೊಂಡರು.

ಇದನ್ನು ಓದಿ ಕೆಲವರಿಗೆ ಖುಷಿಯಾಗಬಹುದು. ನಮ್ಮ ಮನೆಗಳಲ್ಲೂ ಬೆಳಿಗ್ಗೆ, ರಾತ್ರಿ ಸಾರು ಕುದಿಸಿ ಇಡೋದು ಇದೇ ತಾನೆ? ಬಸ್ಸಾರು ಮಾರನೇ ದಿನವೇ ರುಚಿ ಅಲ್ವಾ? ನೋಡಲು ಒಂದೇ, ಆದರೆ ಎರಡು ವ್ಯತ್ಯಾಸಗಳಿವೆ. ಟಿಂಡಲ್ ರಸಕ್ಕೆ ಹೊಸ ಜೀವಿ ಸೇರದಂತೆ ಕಾಪಾಡಿದ್ದರು. ನಾವು ದಿನಕ್ಕೆ ಹತ್ತು ಸಲ ಸೌಟು ಹಾಕುತ್ತೇವೆ. ಎರಡನೆಯದು ಅವರ ಕಾಲಕ್ಕೆ ಗೊತ್ತಿರಲಿಲ್ಲ. ಅನ್ನದಲ್ಲಿ ಸಾಮಾನ್ಯವಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಉಳಿದು, ಅನ್ನ ಹೊರಗಿದ್ದಾಗ ಮೊಳೆತು ಬೆಳೆದು, ವಿಷ ಬಿಡಬಲ್ಲದು. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಮೂಸಿ ನೋಡಿದರೆ ಗೊತ್ತಾಗುವುದೂ ಇಲ್ಲ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವಾಗ ಇದು ನೆನಪಿರಲಿ.

ಅಮೆರಿಕದ ಕೃಷಿ ಇಲಾಖೆಯೂ, ನಮ್ಮದೇ ಮಾಂಟ್ಗೊಮರಿ ಕೌಂಟಿಯಲ್ಲಿ ಕಚೇರಿ ಇರುವ ಎಫ್‌ಡಿಎಯೂ ಹೇಳುವುದು ಸರಳ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು; 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಖೆಯಲ್ಲಿ ಒಂದೇ ಗಂಟೆ. ಪಾರ್ಕಿನಲ್ಲಿ ಯುಗಾದಿ ಪಾಟ್‌ಲಕ್ ಮಾಡಿದರೂ ಇದೇ ಲೆಕ್ಕ. ಬ್ಯಾಕ್ಟೀರಿಯಾ ಬೇಗ ಬೆಳೆಯುವುದು 4ರಿಂದ 60 ಡಿಗ್ರಿ ನಡುವೆ. ದೊಡ್ಡ ಕುಕ್ಕರನ್ನೇ ಇಡಬೇಡಿ, ನಡುವಿನ ಅನ್ನ ಆರಲು ಬಹಳ ಹೊತ್ತು ಬೇಕು. ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಾಕಿ. ಮತ್ತೆ ತಿನ್ನುವಾಗ 74 ಡಿಗ್ರಿಯವರೆಗೆ ಬಿಸಿ ಮಾಡಿ. ರಾತ್ರಿಯಿಡೀ ಹೊರಗಿದ್ದದ್ದನ್ನು ಚೆಲ್ಲಲೇಬೇಕು. ಅನ್ನ ಚೆಲ್ಲುವುದಕ್ಕೆ ನಮಗೆ ಯಾರಿಗೂ ಮನಸ್ಸು ಬರುವುದಿಲ್ಲ. ಹಾಗೆ ಚೆಲ್ಲುವ ಪ್ರಸಂಗವೇ ಬಾರದಿರಲಿ ಅಂದರೆ ಊಟ ಮುಗಿದ ಕೂಡಲೇ ಡಬ್ಬಿ ತೆಗೆಯೋಣ.